ಹಿಮದ ನಾಡಿನ ಹೊದಿಕೆಯೂ ಕೊಡಗಿನ ಮಳೆಗಾಲದ ಈಜುಕೊಳವೂ

ಈಜುಕೊಳವನ್ನು ಮುಚ್ಚಿಡುವ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಮಾಹಿತಿಯಲ್ಲಿ ಬಹುಪಾಲು ಹಿಮ ಬೀಳುವ ನಾಡುಗಳಿಂದ ಬಂದದ್ದು. ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳು ಮಡಿಕೇರಿಯಲ್ಲಿ ಎಷ್ಟೇ ಕೊರೆದರೂ ಕೊಳದ ನೀರು ಹೆಪ್ಪುಗಟ್ಟುವುದಿಲ್ಲ; ಆಕಾಶದಿಂದ ನಮ್ಮಲ್ಲಿಗೆ ಬೀಳುವ ಮಂಜುಗಡ್ಡೆಯೆಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಜೊತೆಗೆ ಒಮ್ಮೊಮ್ಮೆ ಸುರಿಯುವ ಆಲಿಕಲ್ಲು ಮಾತ್ರ. ಹಾಗಿದ್ದರೂ ನಮ್ಮಲ್ಲಿಯೂ ಕೊಳವನ್ನು ಮುಚ್ಚಿಡಬೇಕಾದ ಕಾಲವೊಂದಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ಸೆಪ್ಟೆಂಬರ್ ಕಳೆಯುವವರೆಗೆ ಹೋಂಸ್ಟೇಗಳ ಈಜುಕೊಳಗಳಿಗೆ ಇಳಿಯುವವರು ಬಹಳ ಕಡಿಮೆ, ಆದರೆ ಕೊಳಕ್ಕೆ ಆಗುವ ಹಾನಿಯೆಲ್ಲ ಆ ನಾಲ್ಕು ತಿಂಗಳಲ್ಲಿಯೇ ಆಗುತ್ತದೆ. ನಮ್ಮ ಸುತ್ತಮುತ್ತ ಹೊಸದಾಗಿ ಈಜುಕೊಳ ಕಟ್ಟಿಸಿದವರು ಹಿಮದ ನಾಡಿನ ಸಲಹೆಗಳನ್ನೇ ಓದಿ, ಅವನ್ನೇ ಇಲ್ಲಿಯೂ ಪಾಲಿಸುವುದನ್ನು ನೋಡುತ್ತಿದ್ದೇನೆ. ಆ ಸಲಹೆಗಳಲ್ಲಿ ಕೆಲವು ನಮಗೂ ಸಲ್ಲುತ್ತವೆ, ಕೆಲವು ಇಲ್ಲಿ ನೇರವಾಗಿ ಅಪಾಯವನ್ನೇ ತರುತ್ತವೆ. ಯಾವುದು ಯಾವುದೆಂದು ಬಿಡಿಸಿ ಹೇಳುವುದು ಅಗತ್ಯವೆಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಿಮದ ನಾಡಿನವರು ಏನು ಮಾಡುತ್ತಾರೆಂಬುದು ನನಗೆ ತಿಳಿದದ್ದು ಕೆನಡಾದಲ್ಲಿ ನೆಲೆಸಿರುವ ನನ್ನ ಭಾವನವರಿಂದ. ಚಳಿಗಾಲ ಕಾಲಿಡುವ ಮೊದಲೇ ಅವರು ಕೊಳದ ನೀರಿನ ಮಟ್ಟವನ್ನು ಸ್ವಲ್ಪ ಇಳಿಸಿ, ಕೊಳವೆಗಳಲ್ಲಿ ಉಳಿದ ನೀರನ್ನು ಗಾಳಿಯೂದಿ ಹೊರಹಾಕಿ, ಬಾಯಿಗಳನ್ನು ಬಿರಡೆಯಿಂದ ಬಿಗಿಯುತ್ತಾರೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ, ಕೊಳವೆಯೊಳಗೆ ನೀರು ಉಳಿದರೆ ಕೊಳವೆ ಸೀಳಿಹೋಗುತ್ತದೆ. ಆಮೇಲೆ ಕೊಳದ ಸುತ್ತಲ ನೆಲದಲ್ಲಿ ಹೂತಿರುವ ಹಿತ್ತಾಳೆಯ ಗೂಟಗಳಿಗೆ ಸ್ಪ್ರಿಂಗುಗಳ ಮೂಲಕ ದಪ್ಪ ಹೊದಿಕೆಯನ್ನು ಎಳೆದು ಕಟ್ಟುತ್ತಾರೆ. “ಹಿಮ ತುಂಬಾ ಬಿದ್ದರೆ ಏನು ಮಾಡುತ್ತೀರಿ ಭಾವ?” ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಹಗುರವಾದ ಹಿಮವಾದರೆ ಹಾಗೆಯೇ ಬಿಟ್ಟುಬಿಡುತ್ತೇವೆ. ಒದ್ದೆ ಹಿಮ ರಾಶಿ ಬಿದ್ದರೆ ಮಾತ್ರ ಅಂಚಿನಲ್ಲಿ ನಿಂತು ಮೆತ್ತನೆಯ ಪೊರಕೆಯಿಂದ ತಳ್ಳುತ್ತೇವೆ. ಸಲಿಕೆ ತಾಗಿಸುವುದಿಲ್ಲ, ಬಿಸಿನೀರು ಸುರಿಯುವುದಿಲ್ಲ, ಮೇಲೆ ಕಾಲಿಡುವುದಂತೂ ಇಲ್ಲವೇ ಇಲ್ಲ.” ಹೊದಿಕೆ ಹಿಮದ ಭಾರಕ್ಕೆ ಜಗ್ಗಿದಾಗ ಕೆಳಗಿರುವ ನೀರೇ ಅದಕ್ಕೆ ಆಸರೆ ಕೊಡುತ್ತದೆ, ಆದ್ದರಿಂದ ನೀರನ್ನು ಬೇಕಾದುದಕ್ಕಿಂತ ಹೆಚ್ಚು ಇಳಿಸಬಾರದೆಂಬುದು ಅವರ ಪಾಲಿಗೆ ಮುಖ್ಯ ನಿಯಮ.

ಈ ಕೊನೆಯ ನಿಯಮವನ್ನು ನಾವು ಇದ್ದಂತೆಯೇ ತೆಗೆದುಕೊಳ್ಳಬಹುದು. ಉಳಿದವುಗಳನ್ನು ಒಪ್ಪುವ ಮೊದಲು ಭಾರದ ಲೆಕ್ಕವನ್ನು ನೋಡಬೇಕು. ಆಗತಾನೆ ಬಿದ್ದ ಹಗುರ ಹಿಮ ಹತ್ತು ಇಂಚು ದಪ್ಪವಿದ್ದರೆ ಅದು ಕರಗಿ ಸುಮಾರು ಒಂದು ಇಂಚು ನೀರಾಗುತ್ತದೆಂಬುದು ಅಲ್ಲಿ ಬಳಕೆಯಲ್ಲಿರುವ ಅಂದಾಜು. ಕಾಫಿ ತೋಟದವರಿಗೆ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಭಾಗವೇ ಸೆಂಟು) ಅಳೆದು ಬರೆದಿಡುವ ಅಭ್ಯಾಸ ಇರುವುದರಿಂದ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಸಾಮಾನ್ಯ ಹೋಂಸ್ಟೇ ಕೊಳದ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1270 ಲೀಟರ್, ಅಂದರೆ ಒಂದೂಕಾಲು ಟನ್ ನೀರು. ಮಡಿಕೇರಿ, ಗಾಳಿಬೀಡು, ಭಾಗಮಂಡಲದ ಕಡೆ ಜುಲೈ ತಿಂಗಳಲ್ಲಿ ದಿನಕ್ಕೆ ನಾಲ್ಕು ಇಂಚು ಸುರಿಯುವುದು ಯಾರೂ ಬೆರಗಾಗುವ ಸಂಗತಿಯಲ್ಲ. ಅಂಥ ಒಂದು ದಿನದ ಮಳೆ ಹೊದಿಕೆಯ ಮೇಲೆಯೇ ನಿಂತರೆ ಐದು ಟನ್ ಆಗುತ್ತದೆ; ಹಿಮದ ಲೆಕ್ಕದಲ್ಲಿ ಅದು ನಲವತ್ತು ಇಂಚು, ಆಳೆತ್ತರದ ಅರ್ಧಕ್ಕೂ ಮಿಕ್ಕಿದ ಹಿಮಕ್ಕೆ ಸಮ.

ಭಾರಕ್ಕಿಂತಲೂ ದೊಡ್ಡ ವ್ಯತ್ಯಾಸವೊಂದಿದೆ. ಹಿಮ ಬಿದ್ದಲ್ಲಿಯೇ ಕೂರುತ್ತದೆ, ಹಾಗಾಗಿ ಅದರ ಭಾರ ಹೊದಿಕೆಯ ಉದ್ದಗಲಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಮಳೆಯ ನೀರು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಹೊದಿಕೆಯಲ್ಲಿ ಎಲ್ಲಿಯೋ ಅಂಗೈಯಗಲದ ಗುಳಿಯೊಂದಿದ್ದರೆ ಅಲ್ಲಿ ನೀರು ಸೇರುತ್ತದೆ, ಸೇರಿದ ನೀರಿನ ಭಾರಕ್ಕೆ ಗುಳಿ ಇನ್ನಷ್ಟು ಆಳವಾಗುತ್ತದೆ, ಆಳವಾದ ಗುಳಿಗೆ ಸುತ್ತಲಿನ ನೀರೆಲ್ಲ ಹರಿದು ಬರುತ್ತದೆ. ಸಂಜೆ ಬಿಗಿಯಾಗಿದ್ದ ಟಾರ್ಪಾಲು ಬೆಳಗಾಗುವುದರೊಳಗೆ ಒಂದು ಮೂಲೆಯಲ್ಲಿ ತೊಟ್ಟಿಯಂತಾಗಿ, ಅಂಚಿನಲ್ಲಿ ಹಗ್ಗ ಪೋಣಿಸುವ ಲೋಹದ ಬಳೆಗಳು ಒಂದೊಂದಾಗಿ ಕಿತ್ತುಬರುವುದು ಈ ಕಾರಣಕ್ಕೆ. ಹಾಗಾಗಿ ಕೊಡಗಿನಲ್ಲಿ ಹೊದಿಕೆಯನ್ನು ಆರಿಸುವಾಗ ಅದು ಎಷ್ಟು ಭಾರ ಹೊರುತ್ತದೆಂದು ಕೇಳುವುದಕ್ಕಿಂತ, ಬಿದ್ದ ನೀರು ಅದರ ಮೇಲಿಂದ ಎಷ್ಟು ಬೇಗ ಜಾಗ ಖಾಲಿ ಮಾಡುತ್ತದೆಂದು ಕೇಳಬೇಕು.

ಅದಕ್ಕೂ ಮೊದಲು, ಹೊದಿಕೆಯ ರಗಳೆಯೇ ಬೇಡವೆಂದು ಮಳೆಗಾಲಕ್ಕೆ ಕೊಳವನ್ನು ಪೂರ್ತಿ ಖಾಲಿ ಮಾಡಿಬಿಡುವವರ ವಿಚಾರವನ್ನು ಹೇಳಬೇಕು. ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಈಜುಕೊಳಕ್ಕೆ ಮಾಡಬಹುದಾದ ಅತಿ ದೊಡ್ಡ ಅನ್ಯಾಯ ಇದೇ. ಮಳೆಗಾಲದಲ್ಲಿ ನಮ್ಮ ಮಣ್ಣು ನೀರು ಕುಡಿದು ಬಿರಿಯುತ್ತದೆ. ಬರೆಗಳಲ್ಲಿ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಗಳಲ್ಲಿ, ಒರತೆ ಹುಟ್ಟುತ್ತದೆ, ಬೇಸಿಗೆಯಲ್ಲಿ ತಳ ಕಾಣುತ್ತಿದ್ದ ಬಾವಿಯ ನೀರು ಕೈಗೆಟಕುವಷ್ಟು ಮೇಲೇರುತ್ತದೆ. ಕೊಳದ ತಳಕ್ಕಿಂತ ನೆಲದೊಳಗಿನ ನೀರು ಒಂದು ಮೀಟರ್ ಮೇಲೇರಿದರೆ, ತಳದ ಪ್ರತಿ ಚದರ ಮೀಟರಿಗೂ ಒಂದು ಟನ್ ಬಲದಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಇಪ್ಪತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನ ತೂಕ ಚದರ ಮೀಟರಿಗೆ ಅರ್ಧ ಟನ್ನಿನ ಆಸುಪಾಸು ಮಾತ್ರ. ಒಳಗೆ ನೀರಿದ್ದರೆ ಆ ನೀರಿನ ತೂಕವೇ ಈ ಒತ್ತಡವನ್ನು ಸರಿದೂಗಿಸುತ್ತದೆ. ಖಾಲಿಯಿದ್ದರೆ ತಳ ಬಿರುಕು ಬಿಡುತ್ತದೆ, ಟೈಲ್ಸ್ ಎದ್ದುಬರುತ್ತವೆ. ಫೈಬರಿನ ಸಿದ್ಧ ಕೊಳವಾದರೆ ಇಡಿಯಾಗಿ ಮೇಲೆದ್ದು ವಾಲಬಹುದು. ಕೊಳ ಕಟ್ಟುವಾಗಲೇ ತಳದಲ್ಲಿ ಒತ್ತಡ ಬಿಡುಗಡೆಯ ವಾಲ್ವ್ ಹಾಕಿಸಿದವರಿಗೂ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ಮರಳು, ಕೆಸರು ಕಟ್ಟಿಕೊಂಡ ವಾಲ್ವ್ ಬೇಕಾದ ಹೊತ್ತಿಗೆ ತೆರೆಯುತ್ತದೆಂಬ ಭರವಸೆಯಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ, ಕೊಳದಲ್ಲಿ ಅಷ್ಟು ನೀರು ನಿಲ್ಲಿಸಿದರೆ ಇಳಿಜಾರಿಗೆ ಭಾರವಾಗುತ್ತದೆಂಬ ಭಯ ಅನೇಕರಲ್ಲಿ ಹುಟ್ಟಿತು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2019ರಲ್ಲಿ ತೋರ ಗ್ರಾಮದ ಕುಸಿತವನ್ನೂ 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯ ಕುಸಿತವನ್ನೂ ಕಂಡ ಜನ ನಾವು. ಆದರೆ ನೆಲ ಅಗೆದು ಕಟ್ಟಿದ ಕೊಳದ ಮಟ್ಟಿಗೆ ಭಾರದ ಲೆಕ್ಕ ಬೇರೆಯೇ ಇದೆ. ಅಗೆದು ತೆಗೆದ ಮಣ್ಣು ಅಷ್ಟೇ ಗಾತ್ರದ ನೀರಿಗಿಂತ ಹೆಚ್ಚು ತೂಗುತ್ತದೆ, ಹಾಗಾಗಿ ಆ ಗುಂಡಿಯಲ್ಲಿ ತುಂಬಿದ ನೀರಿನಿಂದ ಇಳಿಜಾರಿಗೆ ಮೊದಲಿಗಿಂತ ಹೆಚ್ಚಿನ ಹೊರೆಯೇನೂ ಬೀಳುವುದಿಲ್ಲ. ಮಣ್ಣು ತುಂಬಿಸಿ ಸಮ ಮಾಡಿದ ಜಾಗದ ಮೇಲೆ, ತಡೆಗೋಡೆಯ ಆಸರೆಯಲ್ಲಿ ನಿಂತ ಕೊಳಗಳಿಗೆ ಈ ಮಾತು ಅನ್ವಯಿಸದು. ಅವುಗಳನ್ನು ಎಂಜಿನಿಯರಿಗೆ ತೋರಿಸದೆ ಮಳೆಗಾಲಕ್ಕೆ ಒಡ್ಡಲೇಬಾರದು. ಎರಡೂ ಬಗೆಯ ಕೊಳಗಳಲ್ಲಿ ನಿಜವಾಗಿ ಹೆದರಬೇಕಾದದ್ದು ಸೋರಿಕೆಗೆ. ಬಿರುಕಿನಿಂದ ದಿನವಿಡೀ ಸದ್ದಿಲ್ಲದೆ ಮಣ್ಣಿಗಿಳಿಯುವ ನೀರು ಇಳಿಜಾರಿನ ಹಿಡಿತವನ್ನು ಸಡಿಲಿಸುತ್ತದೆ.

ಸೋರಿಕೆ ಇದೆಯೇ ಎಂದು ನೋಡಲು ಏಪ್ರಿಲ್ ಕೊನೆಯಲ್ಲಿಯೋ ಮೇ ತಿಂಗಳಲ್ಲಿಯೋ ಮಳೆಯಿಲ್ಲದ ಎರಡು ದಿನ ಸಿಕ್ಕರೆ ಸಾಕು. ಒಂದು ಬಕೆಟಿಗೆ ಕೊಳದ್ದೇ ನೀರು ತುಂಬಿ, ಕೊಳದೊಳಗಿನ ಮೊದಲ ಮೆಟ್ಟಿಲ ಮೇಲೆ ಇರಿಸಿ, ಬಕೆಟಿನ ಒಳಗಿನ ನೀರಿನ ಮಟ್ಟವನ್ನೂ ಹೊರಗೆ ಕೊಳದ ನೀರಿನ ಮಟ್ಟವನ್ನೂ ಗೆರೆ ಎಳೆದು ಗುರುತಿಸಬೇಕು. ಬಿಸಿಲಿಗೆ ಎರಡೂ ಒಂದೇ ಪ್ರಮಾಣದಲ್ಲಿ ಆರುತ್ತವೆ. ಒಂದು ದಿನ ಬಿಟ್ಟು ನೋಡಿದಾಗ ಕೊಳದ ಗೆರೆ ಬಕೆಟಿನ ಗೆರೆಗಿಂತ ಹೆಚ್ಚು ಇಳಿದಿದ್ದರೆ ನೀರು ಎಲ್ಲಿಯೋ ನೆಲ ಸೇರುತ್ತಿದೆ ಎಂದರ್ಥ. ಅದನ್ನು ಮಳೆಗೆ ಮುಂಚೆಯೇ ಹುಡುಕಿ ಮುಚ್ಚಿಸಬೇಕು. ಮರಗಸಿಯನ್ನೂ (ಮರದ ಗೆಲ್ಲು ಸವರುವ ಕೆಲಸ) ಇದೇ ಸಮಯದಲ್ಲಿ ಮುಗಿಸುವುದು ಒಳ್ಳೆಯದು. ಕೊಳದ ಮೇಲೆ ಬಾಗಿದ ಸಿಲ್ವರ್ ಓಕ್ ಮತ್ತು ಹಾಲುವಾಣದ ಗೆಲ್ಲುಗಳು ಜೂನ್ ಗಾಳಿಗೆ ಮುರಿದು ಬಿದ್ದರೆ ಯಾವ ಹೊದಿಕೆಯೂ ತಾಳುವುದಿಲ್ಲ.

ಇನ್ನು ಹೊದಿಕೆ ಯಾವುದೆಂಬ ಪ್ರಶ್ನೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರಡು: ಕಾಫಿ ಒಣಗಿಸುವ ಕಣಕ್ಕೆ ಹಾಸುವ ಟಾರ್ಪಾಲು, ನರ್ಸರಿಗೆ ಕಟ್ಟುವ ಶೇಡ್ ನೆಟ್. ಎರಡನ್ನೂ ನಾವು ಬಳಸಿದ್ದೇವೆ. ಟಾರ್ಪಾಲಿನ ಗುಣವೇನೆಂದರೆ ಅದು ಮಳೆನೀರನ್ನು ಕೊಳಕ್ಕೆ ಸೇರಗೊಡುವುದಿಲ್ಲ, ಬೆಳಕನ್ನೂ ಬಿಡುವುದಿಲ್ಲ. ಆದ್ದರಿಂದ ಕೆಳಗಿನ ನೀರಿನ ಹದ ಬಹುಕಾಲ ಕೆಡದೆ ಉಳಿಯುತ್ತದೆ, ಪಾಚಿ ಕಟ್ಟುವುದು ಕಡಿಮೆ. ಆದರೆ ಅದರ ಮೇಲೆ ನಿಂತ ನೀರನ್ನು ಪ್ರತಿದಿನ ತೆಗೆಯಲೇಬೇಕು. ತೆಗೆಯದಿದ್ದರೆ ಭಾರದ ತೊಂದರೆ ಒಂದು ಕಡೆ. ಮಳೆ ಬಿಡುವು ಕೊಟ್ಟಾಗ ಆ ನೀರಿನಲ್ಲಿ ಒಂದು ವಾರ, ಹತ್ತು ದಿನಗಳೊಳಗೆ ಡೆಂಗಿ ಹರಡುವ ಸೊಳ್ಳೆಯೂ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ.

ಹೊದಿಕೆಯ ಮೇಲಿನ ನೀರೆತ್ತಲೆಂದೇ ಹೊರನಾಡುಗಳಲ್ಲಿ ಕರೆಂಟಿನ ಸಣ್ಣ ಪಂಪು ಇಡುತ್ತಾರೆ. ಜೋರು ಗಾಳಿಮಳೆ ಬಂದ ದಿನವೇ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟು ಇಲ್ಲವಾಗುವ ನಮ್ಮ ಊರುಗಳಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ನಮಗೆ ಒದಗಿಬರುವುದು ಇಳಿಜಾರು. ಒಂದಿಂಚಿನ ಹೋಸ್ ಪೈಪನ್ನು ಪೂರ್ತಿ ನೀರು ತುಂಬಿಸಿ, ಎರಡೂ ಬಾಯಿಗಳನ್ನು ಹೆಬ್ಬೆರಳಿನಿಂದ ಅದುಮಿಟ್ಟುಕೊಂಡು, ಒಂದು ತುದಿಯನ್ನು ಟಾರ್ಪಾಲಿನ ಗುಳಿಯೊಳಗೆ ಮುಳುಗಿಸಿ, ಇನ್ನೊಂದನ್ನು ಅಂಗಳದ ಕೆಳಗಿನ ಚರಂಡಿಗೆ ಬಿಟ್ಟು ಬೆರಳು ತೆಗೆದರೆ ನೀರು ತಾನಾಗಿಯೇ ಹರಿಯತೊಡಗುತ್ತದೆ. ಹೊರಬಾಯಿ ಎರಡು ಮೂರು ಮೀಟರ್ ಕೆಳಗಿದ್ದರೆ ಗಂಟೆಗೆ ಎರಡು ಸಾವಿರ ಲೀಟರಿಗೆ ಮೋಸವಿಲ್ಲ. ನಮ್ಮ ತೋಟದ ಮೇಸ್ತ್ರಿ ಒಳತುದಿಗೆ ಹಳೆಯ ಸೊಳ್ಳೆಪರದೆಯ ತುಂಡು ಸುತ್ತಿ, ಅದರ ಬದಿಗೆ ಮುಷ್ಟಿಗಾತ್ರದ ಕಲ್ಲೊಂದನ್ನು ಬಟ್ಟೆಯಲ್ಲಿ ಕಟ್ಟಿ ಬಿಡುತ್ತಿದ್ದರು. ಪರದೆ ಎಲೆಯನ್ನು ತಡೆಯುತ್ತದೆ, ಕಲ್ಲು ಪೈಪನ್ನು ಗುಳಿಯ ತಳದಲ್ಲಿ ಹಿಡಿದಿಡುತ್ತದೆ. “ಬಳೆಗೆ ಹಗ್ಗ ಕಟ್ಟಬೇಡಿ ಅಣ್ಣ, ಅಂಚಿಗೆ ಬಿದಿರು ಸುತ್ತಿ ಬಿದಿರಿಗೆ ಕಟ್ಟಿ” ಎಂದು ಹೇಳಿಕೊಟ್ಟವರೂ ಅವರೇ. ಟಾರ್ಪಾಲಿನ ಅಂಚನ್ನು ಉದ್ದನೆಯ ಬಿದಿರಿಗೆ ಎರಡು ಮೂರು ಸುತ್ತು ಸುತ್ತಿ, ಬಿದಿರಿಗೆ ಹಗ್ಗ ಬಿಗಿದರೆ ಎಳೆತವೆಲ್ಲ ಉದ್ದಕ್ಕೂ ಹಂಚಿಹೋಗುತ್ತದೆ, ಬಳೆಗಳ ಮೇಲೆ ಬೀಳುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೆಯೂ, ಮಡಿಕೇರಿ, ಭಾಗಮಂಡಲದಂಥ ಹೆಚ್ಚು ಮಳೆಯ ಕಡೆಯವರಿಗೆ ನನ್ನ ಶಿಫಾರಸು ಶೇಡ್ ನೆಟ್. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು, ಕೆಲವೆಡೆ ಅದಕ್ಕೂ ಬಹಳ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗವನ್ನು ಟಾರ್ಪಾಲಿನ ಮೇಲಿಂದ ದಿನದಿನವೂ ಇಳಿಸುವ ಕೆಲಸಕ್ಕೆ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಯಲ್ಲಿ ಆಳು ಸಿಗುವುದು ಕಷ್ಟ, ಸಿಕ್ಕರೂ ಜಾರುವ ಅಂಚಿನಲ್ಲಿ ಅವರನ್ನು ನಿಲ್ಲಿಸುವುದು ನ್ಯಾಯವಲ್ಲ. ಶೇಕಡಾ 75ರಷ್ಟು ನೆರಳು ಕೊಡುವ ನೆಟ್ಟನ್ನು ಎರಡು ಪದರ ಮಾಡಿ, ಕೊಳದ ಎರಡೂ ಬದಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ನೆಟ್ಟು, ನಡುವೆ ಸ್ವಲ್ಪ ಎತ್ತರವಾಗುವಂತೆ ತಂತಿ ಎಳೆದು ಅದರ ಮೇಲೆ ಬಿಗಿದರೆ ಮಳೆ ಸೋಸಿ ಒಳಗಿಳಿಯುತ್ತದೆ, ಎಲೆ ಕಸ ಮೇಲೆಯೇ ಉಳಿಯುತ್ತದೆ, ಭಾರ ನಿಲ್ಲುವುದಿಲ್ಲ. ಸಿಲ್ವರ್ ಓಕಿನ ಜರೀಗಿಡದಂಥ ಎಲೆಗಳು ಒದ್ದೆಯಾದಾಗ ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗುತ್ತವೆ. ಅವನ್ನು ವಾರಕ್ಕೊಮ್ಮೆ ಉದ್ದ ಕೋಲಿಗೆ ಕಟ್ಟಿದ ಪೊರಕೆಯಿಂದ ಬದಿಗೆ ಎಳೆದು ಹಾಕಬೇಕು, ಇಲ್ಲದಿದ್ದರೆ ಆ ಚಾಪೆಯೇ ಮಳೆನೀರನ್ನು ತಡೆದು ನಿಲ್ಲಿಸುತ್ತದೆ. ಎಲೆ ಕೊಳೆತ ಕಂದು ನೀರು ಟೈಲ್ಸಿಗೆ ಅಂಟಿದರೆ ತೆಗೆಯುವುದೂ ಸುಲಭವಲ್ಲ. ಹಿಮದ ನಾಡಿನಲ್ಲಿಯೂ ಕರಗಿದ ನೀರು ಕೆಳಗಿಳಿಯಲೆಂದು ಬಲೆಯಂಥ ಹೊದಿಕೆಯನ್ನು ಇಷ್ಟಪಡುವವರಿದ್ದಾರೆಂದು ಭಾವನವರು ಹೇಳಿದರು. ಕುಶಾಲನಗರದ ಕಡೆ ಮಳೆ ನಮ್ಮ ಅರ್ಧದಷ್ಟೂ ಇಲ್ಲದಿರುವುದರಿಂದ ಅಲ್ಲಿಯವರು ಧಾರಾಳವಾಗಿ ಟಾರ್ಪಾಲನ್ನೇ ನಂಬಬಹುದು.

ನೆಟ್ ಹಾಕಿದವರು ತೆರಬೇಕಾದ ಬೆಲೆ ನೀರಿನ ಹದ. ಸರಾಸರಿ 1.4 ಮೀಟರ್ ಆಳವಿರುವ, ನಾನು ಮೇಲೆ ಹೇಳಿದ ಅಳತೆಯ ಕೊಳದಲ್ಲಿ 70 ಸಾವಿರ ಲೀಟರ್ ನೀರಿರುತ್ತದೆ. 3000 ಮಿಲಿಮೀಟರ್ ಮಳೆಯೆಂದರೆ ಆ ಕೊಳದ ಮೇಲೆ ಬೀಳುವ ನೀರು ಒಂದೂವರೆ ಲಕ್ಷ ಲೀಟರ್. ಕೊಳದ ನೀರಿನ ಎರಡು ಪಟ್ಟಿಗಿಂತ ಹೆಚ್ಚು ಮಳೆನೀರು ಬಂದು, ಅಷ್ಟೇ ನೀರು ಹೊರಗೆ ಹೋಗುತ್ತದೆ. ಅದನ್ನು ಹೊರಗೆ ಬಿಡುವ ಬಗೆಯೇ ಇಡೀ ವಿಷಯದಲ್ಲಿ ಅತ್ಯಂತ ಜವಾಬ್ದಾರಿಯದು. ಅಂಚಿನಿಂದ ಒಂದು ಗೇಣು ಕೆಳಗೆ ನಾಲ್ಕಿಂಚಿನ ಪಿವಿಸಿ ಕೊಳವೆಯನ್ನು ಕೂರಿಸಿ, ಅದನ್ನು ಎಲ್ಲಿಯೂ ತುಂಡಾಗದಂತೆ ಗಟ್ಟಿ ನೆಲದ ತೋಡಿನವರೆಗೂ (ಸಣ್ಣ ಹಳ್ಳ) ಒಯ್ಯಬೇಕು. ಬರೆಯ ನೆತ್ತಿಯಲ್ಲಿಯೋ ತುಂಬಿಸಿದ ಮಣ್ಣಿನ ಮೇಲೆಯೋ ಬಿಟ್ಟು ಕೈತೊಳೆದುಕೊಂಡರೆ, ಕೆಳಗಿನ ಮನೆಯವರ ಜೀವವನ್ನು ಪಣಕ್ಕಿಟ್ಟ ಹಾಗೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಇಳಿಜಾರುಗಳನ್ನು ಮನಬಂದಂತೆ ಕಡಿದು ಬದಲಾಯಿಸಿದ್ದರತ್ತ ಬೊಟ್ಟು ಮಾಡಿತ್ತು. ಕೊಳದ ಸುತ್ತ ಅಂಗಳದ ನೀರು ಒಳಬರದಂತೆ ಚರಂಡಿಯಿರಬೇಕು. ಮಳೆ ಶುರುವಾಗುವುದಕ್ಕೆ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿಬಿಡಬೇಕು. ಕ್ಲೋರಿನ್ ತುಂಬಿದ ನೀರು ತೋಡಿಗೋ ಗದ್ದೆಗೋ ಹರಿದರೆ ಮೀನಿಗೂ ಏಡಿಗೂ ಕೇಡು.

ಕೊಳಕ್ಕೆ ಪಾಲಿಕಾರ್ಬೊನೇಟಿನ ಮಾಡನ್ನೇ (ಚಾವಣಿ) ಕಟ್ಟಿಸುವ ಉತ್ಸಾಹವೂ ಈಗೀಗ ಕಾಣುತ್ತಿದೆ. ಹಣವಿದ್ದವರು ಕಟ್ಟಿಸಲಿ, ಆದರೆ ನಾಲ್ಕೂ ಬದಿಯನ್ನು ಮುಚ್ಚಬಾರದು. ನಮ್ಮ ಮಳೆಗಾಲದ ತೇವಕ್ಕೆ ಕೊಳದ ಹಬೆ, ಕ್ಲೋರಿನ್ ಸೇರಿದರೆ ಕಬ್ಬಿಣದ ಕಂಬಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಹಿಮದ ನಾಡಿನಲ್ಲಿ ಮಾಡನ್ನು ಕೆಳಕ್ಕೆ ಒತ್ತುವ ಭಾರದ ಚಿಂತೆ. ಇಲ್ಲಿ ಗಾಳಿ ಅದನ್ನು ಮೇಲಕ್ಕೆ ಕಿತ್ತೊಯ್ಯುವ ಚಿಂತೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹಿಮದ ನಾಡಿಗೂ ನಮಗೂ ಅಂತರವೇ ಇಲ್ಲ. ಅಲ್ಲಿ ಹಿಮ ಬಿದ್ದಾಗ ಕೊಳವೂ ಅಂಗಳವೂ ಒಂದೇ ಸಮ ಕಾಣುವಂತೆ, ಇಲ್ಲಿ ಎಲೆ ಮುಚ್ಚಿದ ಟಾರ್ಪಾಲು ನೆಲದಂತೆಯೇ ಕಾಣುತ್ತದೆ. ನೀರಿನ ಮೇಲೆ ಸಡಿಲವಾಗಿ ಹಾಸಿದ ಹೊದಿಕೆಗೆ ಮಗುವೋ ಕರುವೋ ಕಾಲಿಟ್ಟರೆ ಅದು ಸುತ್ತಿಕೊಂಡು ಒಳಗೆಳೆಯುತ್ತದೆ, ಕೂಗಲೂ ಅವಕಾಶ ಸಿಗುವುದಿಲ್ಲ. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳು ಶಾಲೆಗೆ ಮಳೆ ರಜೆ ಸಿಕ್ಕಾಗ ಅಂಗಳದಲ್ಲಿಯೇ ಆಡುತ್ತಾರೆ. ಆದ್ದರಿಂದ ಹೊದಿಕೆ ಯಾವುದೇ ಇರಲಿ, ಸುತ್ತಲೂ ಎದೆಯೆತ್ತರದ ಬೇಲಿ, ಚಿಲಕವಿರುವ ಗೇಟು ಇಲ್ಲದ ಕೊಳವನ್ನು ಮುಚ್ಚಿದ ಕೊಳವೆಂದು ನಾನು ಒಪ್ಪುವುದಿಲ್ಲ. ಆನೆ ಓಡಾಡುವ ದಕ್ಷಿಣ ಕೊಡಗಿನ ತೋಟಗಳಲ್ಲಿ ಈ ಬೇಲಿಯೂ ಸಾಲದು. ಅಲ್ಲಿ ಸೋಲಾರ್ ಬೇಲಿಯ ಒಳಗೆ ಕೊಳವಿರುವುದು ಆನೆಗೂ ಮನುಷ್ಯರಿಗೂ ಕ್ಷೇಮ.

ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಹಿಂದೆ ಸರಿದು ಅತಿಥಿಗಳು ಬರತೊಡಗುತ್ತಾರೆ. ಆಗ ಮೊದಲು ನೆಟ್ಟಿನ ಮೇಲಿನ ಕಸವನ್ನು ಪೂರ್ತಿ ಗುಡಿಸಿ ತೆಗೆದು, ಆಮೇಲೆಯೇ ನೆಟ್ ಬಿಚ್ಚಬೇಕು. ಮಳೆನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲ, ಅದರ ಸ್ವಭಾವವೂ ಸ್ವಲ್ಪ ಹುಳಿ. ಅಂಥ ನೀರು ಬಹುಕಾಲ ನಿಂತರೆ ಟೈಲ್ಸ್ ನಡುವಿನ ಸಿಮೆಂಟನ್ನು ನಿಧಾನವಾಗಿ ತಿನ್ನುತ್ತದೆ. ಪರೀಕ್ಷಾ ಕಿಟ್‌ನಲ್ಲಿ ನೋಡಿದಾಗ ಕ್ಷಾರೀಯತೆ ಲೀಟರಿಗೆ 40 ಮಿಲಿಗ್ರಾಮಿಗೆ ಇಳಿದಿದ್ದರೆ, ಅದನ್ನು 80ಕ್ಕೆ ಏರಿಸಲು 70 ಸಾವಿರ ಲೀಟರಿನ ಕೊಳಕ್ಕೆ ಐದು ಕೆಜಿಯ ಸಮೀಪ ಅಡುಗೆ ಸೋಡಾ ಬೇಕು. ಅದನ್ನು ಒಂದೇ ಸಲ ಸುರಿಯದೆ ಎರಡು ದಿನಕ್ಕೆ ಹಂಚಿ, ಪಂಪು ಓಡಿಸುತ್ತ ಹಾಕಬೇಕು. ಪಿಎಚ್ 7.2ರಿಂದ 7.6ರ ನಡುವೆ ನೆಲೆಗೊಂಡ ಮೇಲಷ್ಟೇ ಬ್ಲೀಚಿಂಗ್ ಪೌಡರಿನ ಸರದಿ. ಮಳೆಗಾಲವಿಡೀ ಸ್ಟೋರಿನಲ್ಲಿ ತೇವ ಕುಡಿದ ಹಳೆಯ ಪೌಡರಿನಲ್ಲಿ ಸತ್ವ ಉಳಿದಿರುವುದಿಲ್ಲವಾದ್ದರಿಂದ ಹೊಸದನ್ನೇ ತರಿಸಬೇಕು. ಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿರುವ ಕಡೆ ಪೌಡರ್ ಹಾಕಿದೊಡನೆ ನೀರು ಕೆಂಪಗಾಗಬಹುದು. ಆಗ ಗಾಬರಿಯಾಗದೆ ಫಿಲ್ಟರನ್ನು ನಿಲ್ಲಿಸದೆ ಓಡಿಸಿ, ತಳದಲ್ಲಿ ಕುಳಿತ ಕೆಸರನ್ನು ಮಾರನೆಯ ದಿನ ಹೀರಿ ತೆಗೆದರೆ ತಿಳಿಯಾಗುತ್ತದೆ. ಕ್ಲೋರಿನ್ ಸಂಜೆಯೂ ಮಾರನೆಯ ಬೆಳಿಗ್ಗೆಯೂ ಲೀಟರಿಗೆ 1ರಿಂದ 3 ಮಿಲಿಗ್ರಾಮಿನ ನಡುವೆ ನಿಂತಿದ್ದರೆ ಅತಿಥಿಗಳನ್ನು ನೀರಿಗೆ ಇಳಿಸಬಹುದು. ಬಿಚ್ಚಿದ ನೆಟ್ಟನ್ನು ತೊಳೆದು, ಕಾಫಿ ಹಣ್ಣು ಬರುವ ಮೊದಲೇ ಕಣದಲ್ಲಿ ಹರಡಿ ಒಣಗಿಸಿ, ಇಲಿ ಕಡಿಯದಂತೆ ಸ್ಟೋರಿನ ತೊಲೆಗೆ ತೂಗುಹಾಕಿಟ್ಟರೆ ಮುಂದಿನ ಜೂನಿಗೆ ಅದೇ ಸಾಕಾಗುತ್ತದೆ.